ಗುರುವಾರದ ಎಂಜಿನ್

"ತಲೆ ಒಂಚೂರು ನೆಟ್ಟಗೆ ಹಿಡ್ಕೊಳಿ ಮಾರಾಯ್ರೆ, ಅಳತೆ ತಪ್ಪಿದ್ರೆ ಮೇಲಿನ ಬಿದಿರು ತಾಗುತ್ತೆ," ಎನ್ನುತ್ತ ಬಸವರಾಜು ಸೆಣಬಿನ ಹುರಿಯ ಒಂದು ತುದಿಯನ್ನು ನೆಲಕ್ಕೊತ್ತಿ ಇನ್ನೊಂದನ್ನು ಮೇಲಕ್ಕೆಳೆದ. ವೀರೇಂದ್ರ ಅಣ್ಣನ ತಲೆಯನ್ನು ಎರಡೂ ಕೈಯಿಂದ ಗೋಡೆಗೆ ಆನಿಸಿ ಹಿಡಿದ. ನಿನ್ನೆ ಸಂಜೆ ಅಂಗಡಿಯಲ್ಲಿ ಯಾರದೋ ಸ್ಪ್ರೇಯರಿನ ಪ್ಲಗ್ ಉಜ್ಜುತ್ತಿದ್ದಾಗಲೇ ಮುಂದಕ್ಕೆ ಬಾಗಿ ಪ್ರಾಣಬಿಟ್ಟ ಓಂಕಾರಮೂರ್ತಿ, ಈಗ ಮೀಯಿಸಿಕೊಂಡು, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ನಡುಮನೆಯ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕುಳಿತ ಆಸಾಮಿಯೇ ಅಲ್ಲ.

"ಕೂತ್ರೂ ಎತ್ತರಾನೇ ಇದಾರೆ. ವಿಮಾನ ದೊಡ್ಡದೇ ಆಗ್ಬೇಕು," ಎಂದ ಬಸವರಾಜು ಹುರಿಗೆ ಗಂಟು ಹಾಕಿಕೊಂಡು ಹೊರಗೆ ನಡೆದ.

ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು, ಬಾಳೆದಿಂಡು, ಬಿಳಿ ಬಟ್ಟೆಯಲ್ಲಿ ಸಣ್ಣದೊಂದು ಮಂಟಪ ಕಟ್ಟಿ, ಅದರೊಳಗೆ ದೇವರನ್ನು ಕೂರಿಸಿದ ಹಾಗೆ ಕೂರಿಸಿ, ಹೆಗಲ ಮೇಲೆ ಹೊತ್ತು ಸಮಾಧಿಗೆ ಕರೆದೊಯ್ಯುತ್ತಾರೆ. ಅದಕ್ಕೆ ವಿಮಾನ ಎಂದು ಹೆಸರು. ವಸ್ತಾರೆಯ ಸುತ್ತಮುತ್ತ ಅದನ್ನು ಕಟ್ಟಲು ಬರುವವರು ಈಗ ಬಸವರಾಜು ಬಿಟ್ಟರೆ ಇನ್ನೊಬ್ಬರಿಲ್ಲ. ವಿಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಡನ ಪಕ್ಕದಲ್ಲಿ ಕುಳಿತಿದ್ದ ಶಾಂತಕುಮಾರಿ ಸೆರಗನ್ನು ಬಾಯಿಗೊತ್ತಿಕೊಂಡಳು. ಪಕ್ಕದ ಮನೆಯ ಯಲ್ಲಮ್ಮ, ಪಾಪ, ಈಗ ಅಳು ಬಂತು ಎಂದು ಬೆನ್ನು ಸವರಿದಳು. ಬಂದದ್ದು ಅಳುವೋ ನಗುವೋ ಶಾಂತಕುಮಾರಿಗೇ ತಿಳಿಯಲಿಲ್ಲ.

ವೀರೇಂದ್ರ ಹತ್ತಿರ ಬಂದು ಬಗ್ಗಿದ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡ ಅವನಿಗೆ ಸಾವಿನ ಮನೆಯಲ್ಲೂ ಗಿರಾಕಿ ಕಾಯುತ್ತಿದ್ದಾರೆಂಬ ಅವಸರ.

"ಅತ್ತಿಗೆ, ಬೆಳಕಿರುವಾಗ್ಲೇ ಎಲ್ಲ ಮುಗೀಬೇಕು ಅಂತಾರೆ ಅಯ್ಯನೋರು. ವಿಮಾನ ಆದ ಕೂಡ್ಲೆ ಎತ್ತಿಬಿಡೋಣ."

"ಬಾಳೂರು ಗೌಡ್ರು ಬರ್ಲಿ."

"ಬರ್ತಾರೆ ಅಂತ ಹೇಗೆ ಹೇಳೋದು? ಅವ್ರಿಗೆ ಕಣ್ಣು ಸರಿ ಕಾಣಲ್ಲ, ವಯಸ್ಸಾಗಿದೆ. ಅಲ್ಲಿಂದ ಇಲ್ಲಿಗೆ ಎಷ್ಟು ತಿರುವು ದಾಟಿ ಬರ್ಬೇಕು."

"ಹೇಳಿ ಕಳಿಸಿದೀನಿ. ಅವರು ಬರೋ ತನಕ ಎತ್ತಕೂಡದು."

ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ವೀರೇಂದ್ರ ಕೇಳಿರಲಿಲ್ಲ. ದೊಡ್ಡ ಎಸ್ಟೇಟಿನ ಸಾಹುಕಾರರು ಕಾಣಿಸಿಕೊಂಡರೆ ಸತ್ತವನಿಗೊಂದು ಮರ್ಯಾದೆ ಎಂದು ಹೆಂಗಸು ಆಸೆಪಟ್ಟಿದ್ದಾಳೆ ಅಂದುಕೊಂಡ. ಸೇರಿದ್ದವರೆಲ್ಲ ಹಾಗೆಯೇ ಅಂದುಕೊಂಡರು. ಶಾಂತಕುಮಾರಿಗೆ ಮರ್ಯಾದೆ ಬೇಕಾಗಿರಲಿಲ್ಲ. ಅವಳಿಗೆ ಪುಟ್ಟಸ್ವಾಮಿ ಗೌಡರ ಬಾಯಿಂದ ಒಂದು ಮಾತು ಬೇಕಿತ್ತು. ಈ ಮನುಷ್ಯ ತನಗೆ ಕೊಟ್ಟ ಭಾಷೆಯನ್ನು ಉಳಿಸಿಕೊಂಡನೋ, ಮುರಿದು ಗೌಡರ ವಿಮಾನದಲ್ಲಿ ಹಾರಿದನೋ? ಇದನ್ನು ಬಲ್ಲವರು ಇಬ್ಬರೇ. ಒಬ್ಬ ಗೋಡೆಗೊರಗಿ ಕುಳಿತಿದ್ದಾನೆ, ಅವನನ್ನು ಕೇಳಬೇಕಾಗಿದ್ದಾಗ ಅವಳು ಕೇಳಲಿಲ್ಲ. ಇನ್ನೊಬ್ಬರು ಘಟ್ಟದ ರಸ್ತೆಯಲ್ಲಿ ಬರುತ್ತಿರಬೇಕು. ಉತ್ತರ ಯಾವುದೇ ಬರಲಿ, ಅದು ಗೊತ್ತಾಗದೆ ಗಂಡನ ಮೇಲೆ ಮಣ್ಣು ಬೀಳುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

*

ತೊಂಬತ್ತೈದರ ಬೇಸಿಗೆಯಲ್ಲಿ ಓಂಕಾರಮೂರ್ತಿ ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ನುಗ್ಗಿದ್ದ.

"ಶಾಂತಾ, ಬಾಳೂರಲ್ಲಿ ವಿಮಾನದ ಕೆಲಸಕ್ಕೆ ಕರೆದಿದ್ದಾರೆ!"

ಶಾಂತಕುಮಾರಿ ಸೌಟು ಕೆಳಗಿಟ್ಟಳು. "ಅಯ್ಯೋ ಶಿವನೇ, ಯಾರು ಹೋದ್ರು?"

"ಯಾರೂ ಹೋಗಿಲ್ಲ."

"ಮತ್ತೆ ವಿಮಾನ ಯಾರಿಗೆ?"

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಅದಲ್ವೇ ಮಾರಾಯ್ತಿ! ಹಾರೋ ವಿಮಾನ. ಪುಟ್ಟಸ್ವಾಮಿ ಗೌಡ್ರು ತರಿಸಿದಾರೆ. ಪೆಟ್ರೋಲಲ್ಲಿ ಓಡೋದು."

ಮಾರನೆಯ ದಿನ ವಸ್ತಾರೆಯ ಹೋಟೆಲಿನಿಂದ ಮಲ್ಲಂದೂರಿನ ಗಾಡಿ ಸ್ಟ್ಯಾಂಡಿನ ತನಕ ಈ ಕತೆ ಹಬ್ಬಿತು. ಓಂಕಾರಮೂರ್ತಿಯನ್ನು ಕಂಡವರೆಲ್ಲ, ವಿಮಾನ ಯಾರಿಗೆ ಮೂರ್ತಿ, ಎಂದು ಕೇಳತೊಡಗಿದರು. ಅವನೂ ಸಲೀಸಾಗಿ, ಸದ್ಯಕ್ಕೆ ಗೌಡ್ರಿಗೆ, ಆಮೇಲೆ ನಮಗೆಲ್ಲ ಒಂದೊಂದು ಇದ್ದೇ ಇದೆಯಲ್ಲ, ಎನ್ನುತ್ತಿದ್ದ. ಶಾಂತಕುಮಾರಿಯೂ ನಕ್ಕಳು. ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಎಂದು ಯಾರಾದರೂ ಹೇಳಿದ್ದರೆ, ಮೀನು ತಿನ್ನದ ಅವಳಿಗೂ ಅರ್ಥವಾಗುತ್ತಿತ್ತು.

ವಿಮಾನವೆಂದರೆ ದೊಡ್ಡದೇನಲ್ಲ. ಬಟ್ಟೆಯ ಒಂದು ರೆಕ್ಕೆ, ಅದರಡಿಯಲ್ಲಿ ಮೂರು ಗಾಲಿಯ ತೊಟ್ಟಿಲು, ಒಂದರ ಹಿಂದೊಂದು ಎರಡು ಸೀಟು, ಬೆನ್ನಿಗೆ ಎಂಜಿನ್ನು, ಅದರ ತುದಿಗೆ ಫ್ಯಾನು. ಹೆಂಡತಿ ತೀರಿಕೊಂಡ ಮೇಲೆ ಗೌಡರಿಗೆ ಹತ್ತಿದ ಹುಚ್ಚು ಇದು. ಪಾಳುಬಿದ್ದ ಗದ್ದೆಯ ಬಯಲನ್ನು ಮಟ್ಟ ಮಾಡಿಸಿ ಓಡುದಾರಿ ಮಾಡಿಸಿದ್ದರು. ಕಾಫಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿಗೂ ಇದಕ್ಕೂ ಅಣ್ಣತಮ್ಮಂದಿರ ಸಂಬಂಧ. ಎರಡೂ ಪೆಟ್ರೋಲಿಗೆ ಎಣ್ಣೆ ಕಲಸಿ ಕುಡಿಯುವ ಎಂಜಿನ್ನುಗಳೇ. ಹಾಗಾಗಿ ಸ್ಪ್ರೇಯರ್ ರಿಪೇರಿಯ ಓಂಕಾರಮೂರ್ತಿಗೆ ಕರೆ ಬಂದಿತ್ತು. ವಿಮಾನದ ಜೊತೆಗೆ ಬಂದ ಎಂಜಿನ್ನು ಸವೆದುಹೋಗಿದೆ ಎಂದು ಗೊತ್ತಾದ ಮೇಲೆ ಗೌಡರೂ ಅವನೂ ಬೆಂಗಳೂರಿಗೆ ಹೋಗಿ ಇನ್ನೊಂದನ್ನು ಕೊಂಡು ತಂದರು. ಯಾರೋ ಎರಡು ವರ್ಷ ಹಾರಿಸಿ ಬಿಟ್ಟದ್ದು, ಆದರೆ ಒಳಗೆ ಚೊಕ್ಕಟವಾಗಿತ್ತಂತೆ. ಹಾಸನದ ದಾರಿಯುದ್ದಕ್ಕೂ ಓಂಕಾರಮೂರ್ತಿ ಜೀಪಿನ ಹಿಂದೆ ಕುಳಿತು, ಕಂಬಳಿ ಸುತ್ತಿದ ಎಂಜಿನ್ನನ್ನು ತಬ್ಬಿಕೊಂಡೇ ಬಂದಿದ್ದ. ಮನೆಗೆ ಬಂದಾಗ ಅಂಗಿಯ ಎದೆ ಪೂರ್ತಿ ಎಣ್ಣೆ. ಮಕ್ಕಳಿಲ್ಲದ ಮನೆಗೆ ಆ ದಿನ ಎಂಥದೋ ಕಳೆ ಬಂದಿತ್ತು.

"ಗೌಡ್ರು ಮೊದಲ ಸಲ ನನ್ನನ್ನೇ ಕೂರಿಸ್ಕೊಂಡು ಹಾರ್ತಾರಂತೆ," ಎಂದು ಅವನು ಹೇಳಿದ. ಮಾರನೆಯ ಬೆಳಿಗ್ಗೆ ಅವನು ಪೂಜೆಗೆ ಕುಳಿತು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಿದ್ದಾಗ ಎದುರು ಹೋಗಿ ಕುಳಿತಳು.

"ನಮ್ಮೋರು ವಿಮಾನ ಹತ್ತೋದು ಒಂದೇ ಸಲ. ಮೊದ್ಲೇ ಹತ್ತಿ ಇಳಿದು ಬರೋದು ಶುಭ ಅಲ್ಲ. ಕೈಯಲ್ಲಿ ಲಿಂಗ ಇದೆ. ಹತ್ತಲ್ಲ ಅನ್ನಿ."

"ಎಂಥ ಹುಚ್ಚೇ ನಿಂದು. ಹೆಸ್ರು ಒಂದೇ ಆದ್ರೆ ಎರಡೂ ಒಂದೇನಾ?"

"ಅನ್ನಿ."

ಅವನು ಲಿಂಗವನ್ನು ನೋಡಿದ, ಅವಳನ್ನು ನೋಡಿದ. "ಎಂಜಿನ್ ಮುಟ್ಟಬಹುದಾ?"

"ಮುಟ್ಟಿ."

"ಅದರಲ್ಲಿ ಕೂತ್ಕೋಬಹುದಾ? ಕೂರದೆ ಎಂಜಿನ್ ಪರೀಕ್ಷೆ ಮಾಡೋಕಾಗಲ್ಲ."

ಅವಳು ಯೋಚಿಸಿ, "ಕೂತ್ಕೊಳಿ. ನೆಲ ಬಿಡಬಾರ್ದು," ಎಂದಳು.

"ಆಯ್ತು ಮಾರಾಯ್ತಿ. ನೆಲ ಬಿಡಲ್ಲ."

*

ರಸ್ತೆಯಲ್ಲಿ ಜೀಪು ನಿಂತ ಸದ್ದಾದದ್ದೇ ಶಾಂತಕುಮಾರಿ ಎದ್ದು ಹೊಸ್ತಿಲಿಗೆ ಬಂದಳು. ಗೌಡರಲ್ಲ. ಮಲ್ಲಂದೂರಿನ ಎಸ್ಟೇಟೊಂದರ ಮೇಸ್ತ್ರಿ ಲಕ್ಕಯ್ಯ. ಜೀಪಿನ ಹಿಂದೆ ಕೆಟ್ಟ ಪಂಪ್‌ಸೆಟ್ಟು. ಕಾಫಿ ಹೂವಿಗೆ ನೀರು ಹಾರಿಸುವ ಕಾಲ. ಈ ವಾರ ಎಂಜಿನ್ ನಿಂತರೆ ವರ್ಷದ ಫಸಲೇ ನಿಂತಂತೆ. ಅಂಗಳದಲ್ಲಿ ಜನ ಸೇರಿದ್ದು, ಬಿದಿರು ಸೀಳುತ್ತಿದ್ದದ್ದು ಯಾವುದೂ ಅವನ ಕಣ್ಣಿಗೆ ಬಿದ್ದಂತಿರಲಿಲ್ಲ.

"ಮೂರ್ತಿಯವ್ರು ಇದಾರಾ?"

ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ ಯಾರೋ, "ಒಳಗೆ ಕೂತಿದಾರೆ," ಎಂದುಬಿಟ್ಟರು.

ಲಕ್ಕಯ್ಯ ಸೀದಾ ಒಳಗೆ ಬಂದ. ಬಿಸಿಲಿನಿಂದ ಬಂದವನಿಗೆ ನಡುಮನೆ ಕತ್ತಲಾಗಿ ಕಂಡಿರಬೇಕು. "ಸ್ವಾಮಿ, ಸ್ವಲ್ಪ ಬೇಗ ನೋಡ್ಕೊಡಿ, ಸಾಹುಕಾರ್ರು ಕೂಗಾಡ್ತಿದಾರೆ, ಹೊಡೆದ್ರೂ ಸ್ಟಾರ್ಟ್ ಆಗ್ತಿಲ್ಲ..." ಎಂದು ಎರಡು ಹೆಜ್ಜೆ ಮುಂದೆ ಬಂದವನ ಮಾತು ಅಲ್ಲೇ ನಿಂತಿತು. ಹಾರ, ವಿಭೂತಿ, ಪಕ್ಕದ ದೀಪ ಒಂದೊಂದಾಗಿ ಕಂಡವು. ತಲೆಗೆ ಸುತ್ತಿದ್ದ ಟವೆಲ್ಲನ್ನು ಎಳೆದು ಎದೆಗವಚಿಕೊಂಡು ಹಾಗೇ ನೆಲಕ್ಕೆ ಕುಸಿದ.

"ಮೊನ್ನೆ ಮಾತಾಡಿದ್ನಲ್ಲಮ್ಮ. ಮೊನ್ನೆ ಬೈದು ಕಳಿಸಿದ್ರಲ್ಲ. ಪೆಟ್ರೋಲಿಗೆ ನೀರು ಸೇರಿಸ್ಕೊಂಡು ಬರ್ತೀಯ, ಮನುಷ್ಯನಾ ನೀನು ಅಂತ."

ಶಾಂತಕುಮಾರಿ ಒಂದು ಲೋಟ ನೀರು ತಂದುಕೊಟ್ಟಳು. ಊರಿನವರೆಲ್ಲ ಓಂಕಾರಮೂರ್ತಿಯ ಬೈಗುಳದ ನೆನಪು ಹೇಳಿಕೊಂಡು ಅತ್ತರು. ಅವಳಿಗೆ ಹೊಟ್ಟೆಕಿಚ್ಚಾಯಿತು. ತನಗೆ ಅಂಥ ಬೈಗುಳ ಸಿಗದೆ ಎಷ್ಟು ವರ್ಷವಾಗಿತ್ತು! ಒಂದೇ ಸೂರಿನಡಿ ಇದ್ದೂ ಇಬ್ಬರೂ, ಅನ್ನ ಬಡಿಸ್ತೀನಿ, ಹ್ಞೂಂ, ಬಾಗಿಲು ಹಾಕ್ಕೊ, ಹ್ಞೂಂ, ಇಷ್ಟರಲ್ಲೇ ದಿನ ನೂಕಿದ್ದರು. ಲಕ್ಕಯ್ಯ ಕೆಟ್ಟ ಪಂಪನ್ನು ಹಾಗೆಯೇ ಜೀಪಿನಲ್ಲಿ ಬಿಟ್ಟು ಬಸವರಾಜುವಿಗೆ ಬಿದಿರು ಹಿಡಿದುಕೊಳ್ಳಲು ಹೋದ.

ಯಲ್ಲಮ್ಮ ಬಾಗಿಲ ಹಿಂದಿನ ಮೊಳೆಯತ್ತ ನೋಡಿ, "ಅವರ ಕೋಟು ಅಲ್ಲೇ ಇದೆಯಲ್ಲ ಶಾಂತಕ್ಕ. ದಿನಾ ಹಾಕ್ಕೊಳ್ತಿದ್ದದ್ದು, ಜೊತೆಗಿಡೋಣ್ವಾ?" ಎಂದಳು.

"ಆ ಕೋಟು ಬೇಡ," ಎಂದಳು ಶಾಂತಕುಮಾರಿ. ಯಲ್ಲಮ್ಮ ಚಾಚಿದ್ದ ಕೈ ಹಿಂದೆಗೆದುಕೊಂಡಳು.

*

ಆ ಖಾಕಿ ಕೋಟನ್ನು ಅವಳೇ ಹೊಲಿಸಿಕೊಟ್ಟಿದ್ದಳು. ಆಗಿನ ದಿನಗಳೇ ಬೇರೆ.

ಗುರುವಾರ ಅಂಗಡಿಗೆ ರಜೆ, ಬಾಳೂರಿಗೆ ಹೋಗುವ ದಿನ. ಬುಧವಾರ ಸಂಜೆ ಪೆಟ್ರೋಲು ಸೋಸುವ ಶಾಸ್ತ್ರ. "ಒಲೆ ಆರ್ಸು," ಎಂದು ಅವನು ಅಂಗಳದಿಂದ ಕೂಗಿದರೆ ಅನ್ನ ಅರ್ಧ ಬೆಂದಿದ್ದರೂ ಕೊಳ್ಳಿ ಎಳೆದು ನೀರು ಚಿಮುಕಿಸಲೇಬೇಕು. ಬಂಕಿನಿಂದ ತಂದ ಕ್ಯಾನಿನಲ್ಲಿ ನೀರಿನ ಅಂಶವಿದ್ದರೆ ನೆಲದ ಮೇಲಿನ ಗಾಡಿ ಕೆಮ್ಮಿ ನಿಲ್ಲುತ್ತದೆ, ತಳ್ಳಿಕೊಂಡು ಹೋಗಬಹುದು. ಮೇಲಿರುವವರು ಎಲ್ಲಿ ತಳ್ಳುತ್ತಾರೆ, ಎನ್ನುತ್ತಿದ್ದ. ಅವಳು ಆಲಿಕೆ ಹಿಡಿದು ಕೂರುವಳು. ಅದರ ಬಾಯಿಗೆ ಹಾಸಿದ ಮೆತ್ತನೆಯ ಚರ್ಮದ ಮೇಲೆ ಅವನು ಪೆಟ್ರೋಲನ್ನು ಸಣ್ಣಗೆ ಸುರಿಯುವನು. ಪೆಟ್ರೋಲು ಕೆಳಗಿಳಿದು ನೀರು ಮಣಿಮಣಿಯಾಗಿ ಚರ್ಮದ ಮೇಲೇ ಉಳಿಯುತ್ತಿತ್ತು. "ನೋಡು, ಗೌಡ್ರ ಜೀವ ಉಳಿಸ್ದೆ," ಎಂದು ಅವಳನ್ನು ರೇಗಿಸುವನು. ಆಮೇಲೆ ಅಳೆದು ಎಣ್ಣೆ ಸೇರಿಸಿ, ಮುಚ್ಚಳ ಬಿಗಿದು, ಮಗುವನ್ನು ತೂಗಿದ ಹಾಗೆ ಕ್ಯಾನನ್ನು ಅತ್ತಿತ್ತ ತೂಗುವನು. ಒಲೆ ಮತ್ತೆ ಹೊತ್ತಿಸುವ ತನಕ ಇಬ್ಬರಿಗೂ ಬೇರೆ ಕೆಲಸವಿಲ್ಲ. ಜಗಲಿಯ ಮೇಲೆ ಕುಳಿತು ಪಿಸ್ಟನ್ನಿಗೆ ಮಸಿ ಕಟ್ಟುವುದು, ಫ್ಯಾನಿನ ತುದಿ ಸೀಳುವುದು, ಗೌಡರು ಹಾರುವ ಮುನ್ನ ಮನೆದೇವರಿಗೆ ಕೈಮುಗಿಯುವುದು ಎಲ್ಲವನ್ನೂ ಹೇಳುವನು. ಅವಳಿಗೆ ಎಂಜಿನ್ನು ಅರ್ಥವಾಗುತ್ತಿರಲಿಲ್ಲ, ಆದರೆ ಆ ಹೊತ್ತು ಹಿತವಾಗಿತ್ತು.

ತೊಂಬತ್ತೊಂಬತ್ತರಲ್ಲಿ ಒಂದು ಗುರುವಾರ ಅವಳು ಬಣಕಲ್ಲಿನ ಅಕ್ಕನ ಮನೆಗೆ ಹೋಗಿದ್ದಳು. ಕಣದಲ್ಲಿ ಕಾಫಿ ಹರಡುತ್ತಿದ್ದಾಗ ತಲೆಯ ಮೇಲೆ ಸ್ಪ್ರೇಯರಿನ ಸದ್ದೇ ದೊಡ್ಡದಾದಂಥ ಸದ್ದು ಕೇಳಿತು. ಮರಗಳ ಮೇಲಿಂದ ವಿಮಾನ ಬಂತು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಕೈಯಲ್ಲಿದ್ದ ಹಲಗೆ ಬಿಟ್ಟು ಮಗುವಿನ ಹಾಗೆ ಕುಣಿದು ಕೈಬೀಸಿದಳು. ಬೀಸಿದ ಕೈ ಹಾಗೆಯೇ ನಿಂತಿತು. ಮುಂದಿನ ಸೀಟಿನಲ್ಲಿ ಗೌಡರು. ಹಿಂದಿನ ಸೀಟಿನಲ್ಲಿ ಕುತ್ತಿಗೆಯ ತನಕ ಗುಂಡಿ ಹಾಕಿದ ಖಾಕಿ ಕೋಟು.

ಸಂಜೆ ಮನೆಗೆ ಬಂದವನ ಮುಖ ಅರಳಿತ್ತು.

"ಇವತ್ತೇನು ವಿಶೇಷ?" ಎಂದು ಅವಳು ಕೇಳಿದಳು. ಹೇಳಲಿ, ಈಗಲಾದರೂ ಬಾಯಿಬಿಟ್ಟು ಹೇಳಲಿ ಎಂದು ಕಾದಳು.

"ಏನಿಲ್ವೇ, ಹೊಸ ಪಿಸ್ಟನ್ ಹಾಕಿದ್ವಲ್ಲ. ಎಂಥಾ ಚೆನ್ನಾಗಿ ಹೋಯ್ತು ಗೊತ್ತಾ!"

ಅಷ್ಟೇ. ಅವಳೂ ಮತ್ತೆ ಕೇಳಲಿಲ್ಲ. ಲಿಂಗ ಹಿಡಿದು ಕೊಟ್ಟ ಮಾತನ್ನು ಮುರಿದದ್ದಕ್ಕಿಂತ, ಮುರಿದು ಬಂದು ಇಷ್ಟು ಸಂತೋಷವಾಗಿ ಊಟ ಮಾಡಿದ್ದು ಅವಳಿಗೆ ಸಹಿಸಲಾಗಲಿಲ್ಲ. ಮುಂದಿನ ಬುಧವಾರ ಅವನು ಒಲೆ ಆರಿಸೆಂದು ಕೂಗಿದಾಗ ಆರಿಸಿದಳು. ಆದರೆ ಆಲಿಕೆ ಹಿಡಿಯಲು ಹೊರಗೆ ಬರಲಿಲ್ಲ. ಎರಡು ಸಲ ಕರೆದು ನೋಡಿದ. ಆಮೇಲೆ ಆಲಿಕೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ತಾನೇ ಸುರಿದುಕೊಂಡ. ಪೆಟ್ರೋಲಿನ ವಾಸನೆಗೆ ಅವಳಿಗೆ ಹೇಸಿಗೆಯಾಗಿದೆ ಅಂದುಕೊಂಡನೋ ಏನೋ, ಗುರುವಾರ ಅಂಗಡಿಯ ನಲ್ಲಿಯಲ್ಲೇ ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬರತೊಡಗಿದ. ಅದೂ ಸಾಲದೆಂದು ಆ ದಿನ ಜಗಲಿಯ ಬೆಂಚಿನ ಮೇಲೆಯೇ ಹಾಸಿಕೊಂಡ. ಒಂದು ಗುರುವಾರವಿದ್ದದ್ದು ಬರಬರುತ್ತ ಎಲ್ಲ ದಿನವೂ ಆಯಿತು. ಒಳಗೆ ಅವಳು, ಹೊರಗೆ ಅವನು, ನಡುವೆ ಬಾಗಿಲು. ಚಿಲಕ ಹಾಕಿರಲಿಲ್ಲ. ತಳ್ಳಿದ್ದರೆ ಸಾಕಿತ್ತು, ಇಬ್ಬರೂ ತಳ್ಳಲಿಲ್ಲ.

*

ವಿಮಾನ ಸಿದ್ಧವಾಯಿತು. ಅಂಗಳ ರಸ್ತೆಯ ಕಡೆಗೆ ಇಳಿಜಾರು. ಹೆಣ ಕೂರಿಸುವಾಗ ಜಾರದಿರಲಿ ಎಂದು ಬಸವರಾಜು ಅಂಗಡಿಯೊಳಗಿಂದ ದಪ್ಪ ಹಗ್ಗವೊಂದನ್ನು ತಂದು, ವಿಮಾನದ ಹಿಂದಿನ ಕಾಲನ್ನು ಲೈಟು ಕಂಬಕ್ಕೆ ಬಿಗಿದ. ಓಂಕಾರಮೂರ್ತಿಯನ್ನು ಎತ್ತಿ ತಂದು ಕೂರಿಸಿದರು. ಕೊರಳಿಗೆ ಹೂವು ಬಿತ್ತು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಬಿಸಿಲನ್ನೂ ವೀರೇಂದ್ರನನ್ನೂ ನೋಡಿದರು. ವೀರೇಂದ್ರ ಅತ್ತಿಗೆಯನ್ನು ನೋಡಿದ.

"ಇನ್ನು ಕಾಯೋಕಾಗಲ್ಲ ಅತ್ತಿಗೆ."

ಕಾಯಿರಿ ಎನ್ನಲು ಕಾರಣ ಹೇಳಬೇಕು. ಸೇರಿದ ಇಷ್ಟು ಜನರ ಮುಂದೆ ಏನೆಂದು ಹೇಳುವುದು? ಶಾಂತಕುಮಾರಿ ರಸ್ತೆಯ ತಿರುವನ್ನೇ ನೋಡುತ್ತ ನಿಂತಳು. ನಾಲ್ವರು ಹೆಗಲ ಮೇಲೆ ಟವೆಲ್ ಮಡಿಸಿಟ್ಟುಕೊಂಡು ಮುಂದೆ ಬಂದರು. ಆಗ ಆಲ್ದೂರಿನ ಕಡೆಯಿಂದ ಧೂಳೆಬ್ಬಿಸಿಕೊಂಡು ಜೀಪು ಬಂತು.

ಡ್ರೈವರಿನ ಹೆಗಲು ಹಿಡಿದು ಇಳಿದ ಪುಟ್ಟಸ್ವಾಮಿ ಗೌಡರು ಕಪ್ಪು ಕನ್ನಡಕ ಹಾಕಿದ್ದರು. ಹಿಂದಿನ ಮೈಕಟ್ಟು ಇಳಿದುಹೋಗಿತ್ತು. ತಡವರಿಸುತ್ತ ವಿಮಾನದ ಹತ್ತಿರ ಬಂದು ಬಿದಿರು ಮುಟ್ಟಿದರು, ಹೂವು ಮುಟ್ಟಿದರು, ಕೊನೆಗೆ ಓಂಕಾರಮೂರ್ತಿಯ ಮೊಣಕಾಲಿನ ಮೇಲೆ ಕೈಯಿಟ್ಟರು.

"ಹೋಗಿಬಿಟ್ಯಾ ಮಾರಾಯ," ಎಂದರು.

ಸಾವರಿಸಿಕೊಳ್ಳಲು ಕಂಬಕ್ಕೆ ಕೈಯೂರಿದಾಗ ಹಗ್ಗ ಸಿಕ್ಕಿತು. ಅದರ ಎಳೆಯ ಮೇಲೆ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದರು.

"ಇದು ನಮ್ಮ ಹಗ್ಗ ಅಲ್ವಾ? ಸಿಲ್ವರ್ ಮರಕ್ಕೆ ಕಟ್ಟೋದು."

ಬಸವರಾಜು, "ಅಂಗಡೀಲಿತ್ತು ಸಾಹುಕಾರ್ರೇ," ಎಂದ.

ಶಾಂತಕುಮಾರಿ ಇನ್ನು ತಡೆಯಲಿಲ್ಲ. ಹತ್ತಿರ ಹೋಗಿ, ಗೌಡರಿಗಷ್ಟೇ ಕೇಳುವಂತೆ, "ಒಂದು ಮಾತು ಕೇಳ್ತೀನಿ ಗೌಡ್ರೆ. ಇವರ ಮುಂದೇ ಕೇಳ್ತಿದೀನಿ. ಇವರು ನಿಮ್ಮ ವಿಮಾನದಲ್ಲಿ ಎಷ್ಟು ಸಲ ಹಾರಿದ್ರು?" ಎಂದಳು.

"ಹಾರೋದಾ?" ಗೌಡರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಯಾರು, ಮೂರ್ತಿನಾ? ಒಂದ್ಸಲಾನೂ ಇಲ್ವಲ್ಲಮ್ಮ."

"ನಾನು ನೋಡಿದೀನಿ. ಬಣಕಲ್ಲಲ್ಲಿ, ನಮ್ಮಕ್ಕನ ಕಣದ ಮೇಲೆ. ಹೊಸ ಪಿಸ್ಟನ್ ಹಾಕಿದ ದಿನ. ನಿಮ್ಮ ಹಿಂದೆ ಇವರ ಕೋಟು ಇತ್ತು."

ಗೌಡರ ಮುಖದ ಮೇಲೆ, ಸಾವಿನ ಅಂಗಳದಲ್ಲಿ ಬರಬಾರದ ಒಂದು ನಗು ಬಂದು ಹಾಗೇ ಅಳುವಾಯಿತು.

"ಕೋಟು ಅವಂದೇ ತಾಯಿ. ಒಳಗಿದ್ದದ್ದು ಒಂದು ಚೀಲ ಕಾಫಿ ಬೀಜ. ಹೊಸ ಪಿಸ್ಟನ್ ಹಾಕಿದ್ಮೇಲೆ ಇಬ್ಬರ ಭಾರ ಎಳೆಯುತ್ತಾ ಅಂತ ನೋಡ್ಬೇಕಿತ್ತು. ಬಾರೋ ಕೂತ್ಕೋ ಅಂದೆ, ಒಲ್ಲೆ ಅಂದ. ಸ್ಟೋರಿಗೆ ಹೋಗಿ ತನ್ನ ತೂಕಕ್ಕೆ ಸರಿಯಾಗಿ ಚೀಲ ತುಂಬಿಸ್ಕೊಂಡು ಬಂದ. ಗೋಣಿ ಎಳೆ ಬಿಚ್ಕೊಂಡು ಹಿಂದಿನ ಫ್ಯಾನಿಗೆ ಸಿಕ್ಕೀತು ಅಂತ ತನ್ನ ಕೋಟನ್ನೇ ಅದಕ್ಕೆ ತೊಡಿಸಿ ಕತ್ತಿನ ತನಕ ಗುಂಡಿ ಹಾಕ್ದ. ಚೀಲದ ಬಾಯಿ ಕಟ್ಟಿದ ಗಂಟು ಕಾಲರ್ ಮೇಲೆ ತಲೆ ಹಾಗೇ ಕಾಣ್ತಿತ್ತು. 'ನನ್ನ ಬದ್ಲು ಇವನು ಬರ್ತಾನೆ ಸಾರ್, ಚೆನ್ನಾಗಿ ತೋರಿಸ್ಕೊಂಡು ಬನ್ನಿ' ಅಂತ ಅದರ ಬೆನ್ನು ತಟ್ಟಿ ಕಳಿಸ್ದ."

ಶಾಂತಕುಮಾರಿ ವಿಮಾನದ ಬಿದಿರು ಹಿಡಿದು ನಿಂತಳು. ಯಲ್ಲಮ್ಮ ಬಂದು ತೋಳು ಹಿಡಿದುಕೊಂಡಳು.

"ನಾನೂ ಬಿಟ್ಟಿಲ್ಲ," ಎಂದರು ಗೌಡರು. "ನಿನ್ನ ಹೆಂಡ್ತಿಗೆ ಯಾರು ಹೇಳ್ತಾರೋ, ಬಾರೋ, ಅಂತ ಎಷ್ಟು ಸಲ ಕರೆದಿದೀನಿ. 'ಅವಳಿಗೆ ಗೊತ್ತಾಗಲ್ಲ ಸಾರ್, ಆದ್ರೆ ಲಿಂಗ ನನ್ನ ಕೊರಳಲ್ಲೇ ಇದೆಯಲ್ಲ' ಅಂತಿದ್ದ."

"ಮತ್ತೆ ಈ ಹಗ್ಗ?"

"ಎಂಜಿನ್ ಪೂರ್ತಿ ಜೋರು ಕೊಟ್ಟು ನೋಡ್ಬೇಕಾದ್ರೆ ಕಟ್ಟಲೇಬೇಕು ತಾಯಿ, ಇಲ್ದಿದ್ರೆ ಎದ್ದು ಹೋಗಿಬಿಡುತ್ತೆ. ಓಡುದಾರಿ ತುದೀಲಿ ಒಂದು ದೊಡ್ಡ ಸಿಲ್ವರ್ ಮರ ಇದೆ. ಅದಕ್ಕೆ ಕಟ್ಟಿ, ತಾನು ಹತ್ತಿ ಕೂತು, ಎಂಜಿನ್ ಹಚ್ತಿದ್ದ. ಆಮೇಲೆ ನನ್ನ ಕಣ್ಣು ಹೋಯ್ತು, ಡಾಕ್ಟ್ರು ಹಾರಬೇಡಿ ಅಂದ್ರು. ರೆಕ್ಕೆ ಬಟ್ಟೆ ಇಲಿ ಪಾಲಾಯ್ತು. ನೀನ್ಯಾಕೆ ಇನ್ನೂ ಬರ್ತೀಯ ಅಂದ್ರೆ, 'ನಿಂತ ಎಂಜಿನ್ ತುಕ್ಕು ಹಿಡಿಯುತ್ತೆ ಸಾರ್' ಅಂದ. ಹೋದ ಗುರುವಾರಾನೂ ಬಂದಿದ್ದ, ಸವೆದ ಎಳೆ ಸರಿಮಾಡ್ತೀನಿ ಅಂತ ಹೋಗ್ತಾ ಈ ಹಗ್ಗ ಎತ್ಕೊಂಡು ಹೋದ. ಸೋಸಿದ ಪೆಟ್ರೋಲು ಹಾಕೋದು, ಮರಕ್ಕೆ ಕಟ್ಟೋದು, ಹತ್ತಿ ಕಣ್ಣು ಮುಚ್ಕೊಂಡು ಕೂರೋದು. ನನಗೆ ಕಾಣಲ್ಲ, ಅವನು ಕಣ್ಣು ತೆಗೆಯಲ್ಲ. ಶಬ್ದ ಕೇಳಿಸ್ಕೊಂಡು ಇಬ್ರೂ ಸುಮ್ನೆ ಇರ್ತಿದ್ವಿ. ಇಳಿದು ಬಂದೋನು, 'ಮೇಲೆ ಚಳಿ ಇರುತ್ತಾ ಸಾರ್?' ಅಂತ ಕೇಳ್ತಿದ್ದ. ಪ್ರತಿ ಸಲಾನೂ ಕೇಳ್ತಿದ್ದ."

ಎಲ್ಲೋ ತೋಟದಲ್ಲಿ ಪಂಪ್‌ಸೆಟ್ಟು ಓಡುತ್ತಿತ್ತು. ಶಾಂತಕುಮಾರಿ ವಿಮಾನದೊಳಗಿನ ಮುಖವನ್ನು ನೋಡಿದಳು. ಬೆಂಚಿನ ಮೇಲೆ ಮುದುಡಿ ಮಲಗಿದ ಬೆನ್ನು, ಮೊಣಕಾಲ ನಡುವಿನ ಆಲಿಕೆ, ಸೋಪು ಹಾಕಿ ಕೆಂಪಾಗುವಂತೆ ತಿಕ್ಕಿಕೊಂಡ ಕೈಗಳು ಒಂದರ ಮೇಲೊಂದು ಬಂದವು. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಫಿ ಚೀಲದ ಕತೆಯನ್ನೂ ಅವನು ಮಲ್ಲಂದೂರಿನ ತನಕ ಹಬ್ಬಿಸುತ್ತಿದ್ದ. ನಿನ್ನೆಯಿಂದ ಬಾರದ ಅಳು ಈಗ ಬಂತು. ಅವಳು ಅ‍ಡಗಿಸಿಕೊಳ್ಳಲಿಲ್ಲ, ಬಾಯಿಬಿಟ್ಟು ಅತ್ತಳು.

ಅತ್ತು, ಮೂಗೊರೆಸಿಕೊಂಡು, ಒಳಗೆ ಹೋದಳು. ಮೊಳೆಯಿಂದ ಖಾಕಿ ಕೋಟು ತೆಗೆದು ತಂದು ಗಂಡನ ಹೆಗಲಿಗೆ ಹೊದಿಸಿ, ಕುತ್ತಿಗೆಯ ಗುಂಡಿ ಹಾಕಿದಳು.

"ಬಿಳಿ ವಸ್ತ್ರದ ಮೇಲೆ ಅದ್ಯಾಕಮ್ಮ?" ಎಂದರು ಅಯ್ಯನವರು.

"ಇರ್ಲಿ ಬುದ್ಧಿ. ಮೇಲೆ ಚಳಿ ಇರುತ್ತೆ."

ಅಯ್ಯನವರು ಶಂಖ ಊದಿಸಿದರು. ವೀರೇಂದ್ರ, ಲಕ್ಕಯ್ಯ, ಇನ್ನಿಬ್ಬರು ಬಿದಿರಿಗೆ ಹೆಗಲು ಕೊಟ್ಟರು. "ಹರಹರ" ಎಂದು ಎತ್ತಿದರು. ಮುಂದಿನ ಭಾಗ ಎದ್ದಿತು, ಹಿಂದಿನದು ಏಳಲಿಲ್ಲ. ವಿಮಾನ ಜಗ್ಗಿ ವಾಲಿತು. ಓಂಕಾರಮೂರ್ತಿಯ ತಲೆ ಒಂದು ಕಡೆಗೆ ತೂಗಿತು. ಹೆಂಗಸರು ಚೀರಿದರು. ನಾಲ್ವರೂ ಗಾಬರಿಯಿಂದ ಮತ್ತೆ ನೆಲಕ್ಕಿಟ್ಟರು.

"ಎಂತ ಆಯ್ತು? ಯಾರು ಹಿಡ್ಕೊಂಡಿದೀರಿ ಹಿಂದೆ?"

"ಯಾರೂ ಹಿಡ್ಕೊಂಡಿಲ್ಲ."

"ಅಯ್ಯೋ, ಕಂಬದ ಹಗ್ಗ! ಬಿಚ್ಚೋದೇ ಮರ್ತೆ," ಎಂದು ಬಸವರಾಜು ಹಣೆ ಚಚ್ಚಿಕೊಂಡು ಕುಡುಗೋಲು ಹಿಡಿದು ಓಡಿ ಬಂದ.

ಶಾಂತಕುಮಾರಿ ಅವನನ್ನು ಕೈಯಿಂದ ತಡೆದಳು. ಕಂಬದ ಬುಡದಲ್ಲಿ ಕುಳಿತು ಗಂಟಿಗೆ ಬೆರಳು ಹಾಕಿದಳು. ಎಣ್ಣೆ ಕುಡಿದ ಹಗ್ಗ, ಎಳೆತಕ್ಕೆ ಬಿಗಿದುಕೊಂಡಿತ್ತು. ಉಗುರು ಸೀಳಿತು. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಪೆಟ್ರೋಲಿನ ವಾಸನೆ ಮೂಗಿಗೆ ಬಂತು. ಯಾರೂ ಅವಸರ ಮಾಡಲಿಲ್ಲ. ಗಂಟು ಮೆಲ್ಲಗೆ ಸಡಿಲವಾಗಿ, ಒಂದು ಸುತ್ತು, ಇನ್ನೊಂದು ಸುತ್ತು ಬಿಚ್ಚಿಕೊಂಡಿತು.

"ಏನಾಯ್ತು, ಬಿಚ್ಚಿದ್ರಾ?" ಎಂದು ಗೌಡರು ಡ್ರೈವರನ್ನು ಕೇಳಿದರು.

"ಬಿಚ್ಚಿದ್ರು."

ನಾಲ್ವರೂ ಮತ್ತೆ ಬಗ್ಗಿ ಹೆಗಲು ಕೊಟ್ಟು ನೆಟ್ಟಗಾದರು. ಬಿಳಿ ಬಟ್ಟೆ ಗಾಳಿಗೆ ಉಬ್ಬಿತು. ಹಗ್ಗದ ತುದಿ ಕೈಯಲ್ಲಿ ಹಿಡಿದು ಶಾಂತಕುಮಾರಿ ತಲೆಯೆತ್ತಿ ನೋಡುತ್ತಿದ್ದಂತೆ ವಿಮಾನ ನೆಲ ಬಿಟ್ಟಿತು.